573201: ನಮ್ಮೂರ ಪಿನ್ ಕೋಡ್ ಅವಿಭಾಜ್ಯ ಸಂಖ್ಯೆಯಾ?

ತಣ್ಣೀರುಹಳ್ಳದವ
ಹಾಸನದ ಕಡೆಯವರು, ಲೆಕ್ಕ ಬರುವವರು ಯಾರಾದರೂ ಇದ್ದರೆ ಸ್ವಲ್ಪ ಕಾಪಾಡಿ. ಮಗಳು ಏಳನೇ ಕ್ಲಾಸು. ಮೊನ್ನೆ ಅಜ್ಜಿಗೆ ಕಾಗದ ಬರೆದು ಕವರಿನ ಹಿಂದೆ ನಮ್ಮ ವಿಳಾಸ ಹಾಕುತ್ತಿದ್ದಳು. 573201 ಅಂತ ಬರೆದವಳು ಹಾಗೇ ನೋಡುತ್ತಾ ಕೂತಳು. "ಅಪ್ಪಾ, 1ಕ್ಕಿಂತ ದೊಡ್ಡದಾಗಿ, 1 ಮತ್ತು ತನ್ನಿಂದ ಮಾತ್ರ ಭಾಗವಾಗೋದು ಅವಿಭಾಜ್ಯ ಸಂಖ್ಯೆ. ಒಂದಂಕಿಯವು ಇರೋದೇ ನಾಲ್ಕು. 2, 3, 5, 7. ನಾಲ್ಕೂ ನಮ್ಮ ಪಿನ್ ಕೋಡಲ್ಲಿವೆ! ಹಾಗಾದ್ರೆ ಇಡೀ ಸಂಖ್ಯೆನೂ ಅವಿಭಾಜ್ಯ ಅಲ್ವಾ?" ಅಂದಳು.

ನಾನು ಕ್ರಿಕೆಟ್ ನೋಡುತ್ತಿದ್ದೆ. ಕೊನೇ ಓವರ್. "ಹೂಂ ಕಣಮ್ಮ" ಅಂದುಬಿಟ್ಟೆ.

ಅವಳು ಕ್ಲಾಸಲ್ಲಿ ಎದ್ದು ನಿಂತು ಇದನ್ನೇ ಹೇಳಿದ್ದಾಳೆ. ಮಿಸ್ಸು "ಹೌದಾ? ಸೋಮವಾರ ಬೋರ್ಡ್ ಮೇಲೆ ಮಾಡಿ ತೋರಿಸು" ಅಂದಿದ್ದಾರೆ. ಮೊಬೈಲ್ ಮುಟ್ಟುವ ಹಾಗಿಲ್ಲ, ಕೈಯಲ್ಲೇ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಎರಡರಮಗ್ಗಿ
5+7+3+2+0+1 = 18. ಒಂಬತ್ತರಿಂದ ಭಾಗವಾಗುತ್ತೆ. ಮುಗೀತು.

ತಣ್ಣೀರುಹಳ್ಳದವ
ಅಯ್ಯೋ. ಇಷ್ಟೇನಾ.

ಎರಡರಮಗ್ಗಿ
ಇಷ್ಟೇ. ಕೊನೇ ಓವರಲ್ಲಿ ಗೆದ್ದರಾ?

ತಣ್ಣೀರುಹಳ್ಳದವ
ಅದೂ ಸೋತರು.

ನಿವೃತ್ತಮೇಷ್ಟ್ರು
ಸ್ವಾಮಿ, "ಮುಗೀತು" ಅಂತ ಹೇಳಿ ಮಗುವಿನ ಉತ್ಸಾಹ ಮುಗಿಸಬೇಡಿ. ಅವಳು ಗಮನಿಸಿದ್ದು ಸಣ್ಣ ವಿಷಯ ಅಲ್ಲ. 573201ರಲ್ಲಿ ಆರು ಅಂಕಿ, ಆರೂ ಬೇರೆ ಬೇರೆ. ನಾಲ್ಕು ಅವಿಭಾಜ್ಯ. ಉಳಿದ 0 ಮತ್ತು 1 ಎರಡೂ ಅವಿಭಾಜ್ಯವೂ ಅಲ್ಲ, ಸಂಯುಕ್ತವೂ (ಚಿಕ್ಕ ಸಂಖ್ಯೆಗಳ ಗುಣಲಬ್ಧವಾಗಿ ಒಡೆಯುವುದು) ಅಲ್ಲ. ಅಂದರೆ ಇಡೀ ಪಿನ್ ಕೋಡಲ್ಲಿ ಒಂದೇ ಒಂದು ಸಂಯುಕ್ತ ಅಂಕಿ ಇಲ್ಲ. 4, 6, 8, 9 ನಾಲ್ಕೂ ಹೊರಗೆ. ನಾನು ಮೂವತ್ತು ವರ್ಷ ಇದೇ ಪಿನ್ ಕೋಡ್ ಬರೆದೆ, ಒಂದು ದಿನವೂ ಹೊಳೆಯಲಿಲ್ಲ.

ಒಂಬತ್ತರ ಉಪಾಯ ಯಾಕೆ ನಡೆಯುತ್ತೆ ಅಂತಲೂ ಅವಳಿಗೆ ಹೇಳಿಕೊಡಿ. ಮಿಸ್ಸು ಕೇಳೇ ಕೇಳುತ್ತಾರೆ. 10 ಅಂದರೆ 9+1. 100 ಅಂದರೆ 99+1. 1000 ಅಂದರೆ 999+1. ಹಾಗಾಗಿ 5 ಲಕ್ಷ ಅಂದರೆ ಐದು ಸಲ 99999, ಮೇಲೊಂದು 5. ಒಂಬತ್ತುಗಳ ಭಾಗವನ್ನೆಲ್ಲ ಪಕ್ಕಕ್ಕಿಟ್ಟರೆ ಕೈಯಲ್ಲಿ ಉಳಿಯುವುದು ಬರೀ ಅಂಕಿಗಳ ಮೊತ್ತ. ಅದು 18. ಅದು ಒಂಬತ್ತರಿಂದ ಹೋದರೆ ಎಲ್ಲವೂ ಹೋಯಿತು.

ಇದರಲ್ಲೇ ಇನ್ನೊಂದು ಇದೆ. ಅಂಕಿಗಳ ಜಾಗ ಬದಲಾಯಿಸಿದರೆ ಮೊತ್ತ ಬದಲಾಗುವುದಿಲ್ಲ. ಈ ಆರು ಅಂಕಿಗಳಿಂದ, ಸೊನ್ನೆ ಮೊದಲು ಬರದ ಹಾಗೆ, 600 ಸಂಖ್ಯೆ ಮಾಡಬಹುದು. ಅರುನೂರೂ ಒಂಬತ್ತರಿಂದ ಭಾಗವಾಗುತ್ತವೆ. ಹೇಗೆ ಹೊಸೆದರೂ ಒಂದೂ ಅವಿಭಾಜ್ಯ ಆಗುವುದಿಲ್ಲ.

ಬೇಲೂರಿನಾಕೆ
ಮೇಷ್ಟ್ರೇ, ನಮಗೆ ಹೈಸ್ಕೂಲಲ್ಲಿ ಇದನ್ನು ಹೀಗೆ ಯಾರೂ ಹೇಳಿಕೊಡಲಿಲ್ಲ. "ಮೊತ್ತ ನೋಡು, ಭಾಗಿಸು" ಅಷ್ಟೇ. ನಾನು ಇಷ್ಟು ವರ್ಷ ಅದೊಂದು ಮಂತ್ರ ಅಂತ ಅಂದುಕೊಂಡಿದ್ದೆ.

ಗ್ರಹಗತಿ
1+8 = 9. ಒಂಬತ್ತು ಮಂಗಳನ ಸಂಖ್ಯೆ. ಹಾಸನದಲ್ಲಿ ರಾಜಕೀಯ ಯಾಕೆ ಇಷ್ಟು ಬಿಸಿ ಅಂತ ಈಗ ಗೊತ್ತಾಯಿತಾ?

ಎರಡರಮಗ್ಗಿ
ಪ್ರತಿ ಒಂಬತ್ತು ಸಂಖ್ಯೆಗೆ ಒಂದು ಹಾಗೆ ಬರುತ್ತೆ ಸಾರ್. ಹಾಗೆ ನೋಡಿದರೆ ದೇಶದಲ್ಲಿ ಸಾವಿರಾರು ಊರಿಗೆ ಮಂಗಳ ಹತ್ತಿರಬೇಕು. ರಾಜಕೀಯ ಇಲ್ಲಿ ಬೇಡ, ದಯವಿಟ್ಟು.

ಲೆಕ್ಕದಲ್ಲಿಫೇಲ್
573201 ÷ 9 = 63689. ಅದು 7ರಿಂದ ಹೋಗುತ್ತೆ ಅನ್ನಿಸುತ್ತೆ, 63 ಇದೆಯಲ್ಲ ಮುಂದೆ.

ಎರಡರಮಗ್ಗಿ
ಹೆಸರಿಗೆ ತಕ್ಕ ಹಾಗೆ ಇದ್ದೀರಿ. 63 ಹೋಗುತ್ತೆ, 689 ಹೋಗಬೇಕಲ್ಲ? 7×98 = 686. ಶೇಷ 3.

ಲೆಕ್ಕದಲ್ಲಿಫೇಲ್
ಸರಿ ಅಣ್ಣ. ಹಾಗಾದರೆ 63689 ಏನು, ಅವಿಭಾಜ್ಯನಾ? ಯಾರಾದರೂ ಪೂರ್ತಿ ನೋಡಿದ್ದೀರಾ?

ನಿವೃತ್ತಮೇಷ್ಟ್ರು
ಇದನ್ನೇ ಮಗಳಿಗೆ ಕೊಡಿ. ಸೋಮವಾರಕ್ಕೆ ಇದು ಒಳ್ಳೆಯ ಊಟ. 63689ರ ವರ್ಗಮೂಲ 252 ಚಿಲ್ಲರೆ. ಹಾಗಾಗಿ 251ರವರೆಗಿನ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು. ಅಂಥವು 54 ಇವೆ. ಅದರಾಚೆ ಹೋಗುವುದು ಬೇಡ. ಯಾಕೆಂದರೆ ಎರಡು ಸಂಖ್ಯೆ ಗುಣಿಸಿ 63689 ಬರಬೇಕಾದರೆ ಎರಡೂ 252ಕ್ಕಿಂತ ದೊಡ್ಡದಾಗಿರಲು ಸಾಧ್ಯವಿಲ್ಲ. ಒಂದಾದರೂ ಚಿಕ್ಕದಿರಬೇಕು.

ತಣ್ಣೀರುಹಳ್ಳದವ
54 ಭಾಗಾಕಾರ ಕೈಯಲ್ಲಿ! ಮೇಷ್ಟ್ರೇ, ನಿಮ್ಮ ಹತ್ತಿರ ಓದಿದವರಿಗೆ ನನ್ನ ನಮಸ್ಕಾರ. ಹೇಳಿದ್ದೇನೆ, ಹಳೇ ನೋಟ್‌ಬುಕ್ ತೆಗೆದುಕೊಂಡು ಕೂತಿದ್ದಾಳೆ. ನನಗೂ ಪಾಲು ಕೊಟ್ಟಿದ್ದಾಳೆ, 101ರಿಂದ 149.

ಕಾಫಿಗಿಡ
ಚಿಕ್ಕಮಗಳೂರಿನಿಂದ ಹಾಜರ್. ನಮ್ಮದು 577101. ಅಂಕಿಗಳ ಮೊತ್ತ 21, ಹಾಗಾಗಿ 3ರಿಂದ ಹೋಗುತ್ತೆ. ಬರುವುದು 192367. ಅದು 7ರಿಂದ ಹೋಗುತ್ತೆ, 27481. ಅದರ ಮುಂದೆ ಒಡೆಯುವುದಿಲ್ಲ, 163ರವರೆಗೂ ನೋಡಿದೆ. ಅಂದರೆ 3 × 7 × 27481. ಮೂರು ಬೇರೆ ಬೇರೆ ಅವಿಭಾಜ್ಯ, ಒಟ್ಟು 8 ಅಪವರ್ತನ (1 ಮತ್ತು ತಾನೂ ಸೇರಿ ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು). ನಿಮ್ಮದಕ್ಕೆ ಎಷ್ಟು?

ಎರಡರಮಗ್ಗಿ
63689 ಒಡೆಯದಿದ್ದರೆ ನಮ್ಮದಕ್ಕೆ 6. ಅಪವರ್ತನ ಜಾಸ್ತಿ ಇರುವುದು ಹೆಮ್ಮೆಯ ವಿಷಯ ಅಂತ ಯಾರು ಹೇಳಿದ್ದು?

ಕಾಫಿಗಿಡ
ನಾವು ಹೇಳಿದ್ದು 🙂

ಹಳೇಬಸ್‌ಸ್ಟ್ಯಾಂಡ್
ಈ ಎರಡು ಪಿನ್ ಕೋಡ್‌ನಿಂದ ನಾನು ಪಟ್ಟ ಪಾಡು ಕೇಳಿ. 573201, 577101. ಬೇರೆ ಇರುವುದು ನಡುವಿನ ಎರಡು ಅಂಕಿ ಮಾತ್ರ. ಅಕ್ಕನ ಮದುವೆಗೆ ರೇಷ್ಮೆ ಸೀರೆ ತರಿಸಿದ್ದೆವು. ಒಂದು ಕೊರಿಯರ್‌ನವರು ಅದನ್ನು ಚಿಕ್ಕಮಗಳೂರಿಗೆ ಕಳಿಸಿದರು. ಫೋನ್ ಮಾಡಿದರೆ "ಡೆಲಿವರಿ ಆಗಿದೆ ಸಾರ್" ಅಂತಾರೆ. ಯಾರಿಗೆ ಆಗಿದೆ? ಕೊನೆಗೆ ಭಾವ ಬೈಕ್ ಹತ್ತಿ ಬೇಲೂರು ಮೇಲೆ ಅರವತ್ತು ಕಿಲೋಮೀಟರ್ ಹೋಗಿ ಅಂಗಡಿಯವರ ಗೋಡೌನ್‌ನಿಂದ ಎತ್ತಿಕೊಂಡು ಬಂದರು. ಮಳೆ ಬೇರೆ.

ಬೇಲೂರಿನಾಕೆ
ಸೀರೆ ನೆನೆಯಲಿಲ್ಲ ತಾನೇ?

ಹಳೇಬಸ್‌ಸ್ಟ್ಯಾಂಡ್
ಇಲ್ಲ ಅಕ್ಕ. ಭಾವ ನೆನೆದರು.

ಎರಡರಮಗ್ಗಿ
577101 − 573201 = 3900. ಸರಿಯಾಗಿ 3900. ಅರವತ್ತು ಕಿಲೋಮೀಟರ್‌ಗೆ ಭಾಗಿಸಿದರೆ ಕಿಲೋಮೀಟರ್‌ಗೆ 65. ಇದಕ್ಕೆ ಅರ್ಥ ಏನೂ ಇಲ್ಲ, ಸುಮ್ನೆ ಹೇಳಿದೆ.

ಗ್ರಹಗತಿ
ನಾನು ಹೇಳಿದರೆ ತಪ್ಪು, ನೀವು ಹೇಳಿದರೆ ಸುಮ್ನೆ!

ಅಂಚೆಪ್ರೇಮಿ
ವಿಷಯ ಎತ್ತಿದ್ದೀರಿ ಅಂತ ಹೇಳುತ್ತೇನೆ. ಪಿನ್ ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ರಂದು. ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್, ಅಂಚೆ ಇಲಾಖೆಯ ಅಧಿಕಾರಿ. ಅವರು ಸಂಸ್ಕೃತ ಕವಿ ಕೂಡ. ಒಂದೇ ಹೆಸರಿನ ಊರುಗಳು ದೇಶದ ತುಂಬಾ ಇವೆ, ಭಾಷೆ ಬೇರೆ, ಲಿಪಿ ಬೇರೆ. ಕಾಗದ ವಿಂಗಡಿಸುವವನಿಗೆ ಅಂಕಿ ಇದ್ದರೆ ಸಾಕು ಅನ್ನುವುದು ಅವರ ಯೋಚನೆ. ಮೊದಲ ಅಂಕಿ 5 ಅಂದರೆ ಕರ್ನಾಟಕ. ಮೊದಲ ಮೂರು ಸೇರಿ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಅಂಚೆ ಕಚೇರಿ.

ಕಾಫಿಗಿಡ
ಒಂದು ತಿದ್ದುಪಡಿ. 5 ಬರೀ ಕರ್ನಾಟಕ ಅಲ್ಲ. ಆಂಧ್ರ, ತೆಲಂಗಾಣವೂ ಅದರಲ್ಲೇ. ನಮ್ಮದು 56ರಿಂದ 59. ಮತ್ತೆ 577 ಅಂದರೆ ಚಿಕ್ಕಮಗಳೂರು ಮಾತ್ರ ಅಲ್ಲ, ಶಿವಮೊಗ್ಗ 577201. ದಾವಣಗೆರೆಯದೂ 577ರಲ್ಲೇ ಶುರು. ಅಂಚೆಯ ಜಿಲ್ಲೆಯೇ ಬೇರೆ, ಸರ್ಕಾರದ ಜಿಲ್ಲೆಯೇ ಬೇರೆ.

ಅಂಚೆಪ್ರೇಮಿ
ಒಪ್ಪಿದೆ. ಅವಸರದಲ್ಲಿ ಬರೆದೆ.

ಬೆಂಗಳೂರಲ್ಲಿಹಾಸನ
ಆಫೀಸಲ್ಲಿ ಮೀಟಿಂಗ್ ಬೋರಾಗಿತ್ತು. 573201ನ್ನು ದ್ವಿಮಾನ ಪದ್ಧತಿಯಲ್ಲಿ, ಅಂದರೆ ಬರೀ 0 ಮತ್ತು 1 ಬಳಸಿ, ಬರೆದೆ: 10001011111100010001. ಇಪ್ಪತ್ತು ಅಂಕಿ. ಎಣಿಸಿ ನೋಡಿ, ಹತ್ತು ಒಂದು, ಹತ್ತು ಸೊನ್ನೆ. ಸಮಪಾಲು. ಅಣ್ಣ ತಮ್ಮಂದಿರು ಜಮೀನು ಭಾಗ ಮಾಡಿಕೊಂಡ ಹಾಗೆ.

ಹಳೇಬಸ್‌ಸ್ಟ್ಯಾಂಡ್
ಯಾವ ಅಣ್ಣ ತಮ್ಮಂದಿರು ಸ್ವಾಮಿ ಅಷ್ಟು ಸಮವಾಗಿ ಮಾಡಿಕೊಂಡಿದ್ದು? ನಮ್ಮದು ಇನ್ನೂ ಕೋರ್ಟಲ್ಲಿದೆ.

ನಿವೃತ್ತಮೇಷ್ಟ್ರು
ಜಮೀನಿನ ಮಾತು ಬಂತಲ್ಲ, ಇದನ್ನು ಕೇಳಿ. ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. 63689ನ್ನು 4ರಿಂದ ಭಾಗಿಸಿದರೆ ಶೇಷ 1. ನಾಲ್ಕರಿಂದ ಭಾಗಿಸಿ ಶೇಷ 1 ಉಳಿಯುವ ಅವಿಭಾಜ್ಯ ಸಂಖ್ಯೆ ಯಾವುದೇ ಇರಲಿ, ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. 5 = 4+1, 13 = 9+4, 29 = 25+4. ಇದನ್ನು 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ಹೇಳಿದ, 18ನೇ ಶತಮಾನದಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಸಾಧಿಸಿ ತೋರಿಸಿದ. ಬರೆಯಬಹುದು ಅನ್ನುವುದು ಗೊತ್ತು, ಯಾವ ಎರಡು ಅನ್ನುವುದನ್ನು ಹುಡುಕಬೇಕು. ಪೆನ್ಸಿಲ್ ಹಿಡಿದು ಕೂತೆ. ಮನೆಯವರು "ಇದೇನು ಈ ವಯಸ್ಸಲ್ಲಿ ಪರೀಕ್ಷೆಗೆ ಕಟ್ಟಿದ್ದೀರಾ?" ಅಂದರು. ಒಂದೂವರೆ ಗಂಟೆಗೆ ಸಿಕ್ಕಿತು.

235² + 92² = 55225 + 8464 = 63689.

ಎರಡನ್ನೂ ಮೂರರಿಂದ ಗುಣಿಸಿ. 705² + 276² = 497025 + 76176 = 573201.

ಅಂದರೆ 705 ಅಡಿ ಉದ್ದ, 276 ಅಡಿ ಅಗಲದ ಒಂದು ಜಮೀನು ಇದ್ದರೆ ಅದರ ಕರ್ಣದ ವರ್ಗ ಸರಿಯಾಗಿ ಹಾಸನದ ಪಿನ್ ಕೋಡ್.

ಬೇಲೂರಿನಾಕೆ
ಮೇಷ್ಟ್ರೇ!!! ಇದು ಚೆನ್ನಾಗಿದೆ.

ಹಳೇಬಸ್‌ಸ್ಟ್ಯಾಂಡ್
705 × 276 ಅಂದರೆ ನಾಲ್ಕೂವರೆ ಎಕರೆ ಹತ್ತಿರ. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದರೆ 757 ಅಡಿ, ಮೇಲೆ ಒಂದು ಇಂಚು ಚಿಲ್ಲರೆ. ಆಲೂಗಡ್ಡೆ ಹಾಕಬಹುದು.

ಕಾಫಿಗಿಡ
ನಮ್ಮ 577101ಕ್ಕೂ ಮಾಡಿಕೊಡಿ ಮೇಷ್ಟ್ರೇ. ಅದನ್ನೂ 4ರಿಂದ ಭಾಗಿಸಿದರೆ ಶೇಷ 1.

ನಿವೃತ್ತಮೇಷ್ಟ್ರು
ಆಗುವುದಿಲ್ಲ ಮಗು. ನಿಮ್ಮದರಲ್ಲಿ 3 ಒಂದೇ ಸಲ ಇದೆ, 7 ಒಂದೇ ಸಲ ಇದೆ. ಎರಡೂ ನಾಲ್ಕರಿಂದ ಭಾಗಿಸಿದರೆ ಶೇಷ 3 ಬಿಡುವ ಜಾತಿ. ಆ ಜಾತಿಯವು ಜೋಡಿಯಾಗಿ ಬಂದರೆ ಮಾತ್ರ ಎರಡು ವರ್ಗಕ್ಕೆ ಒಗ್ಗುತ್ತವೆ. ಹಾಸನದಲ್ಲಿ 3 ಜೋಡಿಯಾಗಿದೆ, 3×3. ಅದಕ್ಕೇ ಆಯಿತು.

ಎರಡರಮಗ್ಗಿ
ಎಂಟು ಅಪವರ್ತನ ಇಟ್ಟುಕೊಂಡು ಏನು ಮಾಡುತ್ತೀರಿ ಈಗ?

ಕಾಫಿಗಿಡ
ಕಾಫಿ ಕುಡಿಯುತ್ತೇವೆ. ನೀವು ಆಲೂಗಡ್ಡೆ ಬೇಯಿಸಿಕೊಳ್ಳಿ.

ಲೆಕ್ಕದಲ್ಲಿಫೇಲ್
ರಾಮಾನುಜನ್ 1729 ಇದರ ಥರಾನೇ ಅಲ್ವಾ?

ಎರಡರಮಗ್ಗಿ
ಇನ್ನೂ ಯಾರೂ ಹೇಳಲಿಲ್ಲವಲ್ಲ ಅಂತ ಕಾಯುತ್ತಿದ್ದೆ. ಅದು ಎರಡು ಘನಗಳ ಮೊತ್ತ, ಅದೂ ಎರಡು ರೀತಿಯಲ್ಲಿ. ಇದು ವರ್ಗ, ಒಂದೇ ರೀತಿ. ಬೇರೆ.

ಅದಕ್ಕಿಂತ ಕಾಪ್ರೇಕರ್ ಆಟ ಆಡಿ. ದೇವಲಾಲಿಯ ಸ್ಕೂಲ್ ಮೇಷ್ಟ್ರು ಅವರು, 1949ರಲ್ಲಿ 6174ರ ಗುಟ್ಟು ಕಂಡುಹಿಡಿದವರು. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಕಳೆಯಿರಿ. ಬಂದದ್ದಕ್ಕೆ ಮತ್ತೆ ಅದೇ. ನಾಲ್ಕಂಕಿಯದು 6174ಕ್ಕೆ ಬಂದು ನಿಲ್ಲುತ್ತೆ, ನಾಲ್ಕೂ ಒಂದೇ ಅಂಕಿ ಆಗಿರಬಾರದು ಅಷ್ಟೇ. ಹಾಸನದ್ದು ಮಾಡಿದೆ.

753210 − 012357 = 740853
875430 − 034578 = 840852
ಆಮೇಲೆ 860832, 862632, 642654, 420876, 851742, 750843, ಮತ್ತೆ 840852!

ಆರಂಕಿಯಲ್ಲಿ ಹೀಗೆ ಏಳು ಸಂಖ್ಯೆಯ ಒಂದು ಸುತ್ತು ಇದೆ. ಹಾಸನ ಎರಡನೇ ಹೆಜ್ಜೆಗೇ ಅದರೊಳಗೆ ಬಿತ್ತು. ಇನ್ನು ಹೊರಗೆ ಬರುವುದಿಲ್ಲ.

ಹಳೇಬಸ್‌ಸ್ಟ್ಯಾಂಡ್
ನಮ್ಮ ಸಿಟಿ ಬಸ್ಸಿನ ಹಾಗೆ.

ಅರಸೀಕೆರೆಜಂಕ್ಷನ್
ಎಲ್ಲರೂ ಪಕ್ಕಕ್ಕೆ ಸರಿಯಿರಿ. ಅರಸೀಕೆರೆ, 573103. ಮೊತ್ತ 19, ಹಾಗಾಗಿ 3 ಇಲ್ಲ. 7 ಇಲ್ಲ, 11 ಇಲ್ಲ, 13 ಇಲ್ಲ. 97ರವರೆಗೂ ಒಂದೊಂದೇ ನೋಡಿದೆ, ಯಾವುದೂ ಹೋಗುವುದಿಲ್ಲ. ಜಿಲ್ಲೆಯ ಅವಿಭಾಜ್ಯ ಪಿನ್ ಕೋಡ್ ನಮ್ಮದು. ತೆಂಗಿನಕಾಯಿ ಒಡೆಯಿರಿ.

ಬೇಲೂರಿನಾಕೆ
ಅಭಿನಂದನೆ! ನಮ್ಮದು 573115, 5ರಲ್ಲಿ ಮುಗಿಯುತ್ತೆ. ಕೇಳುವುದೇ ಬೇಡ.

ನಿವೃತ್ತಮೇಷ್ಟ್ರು
ಕಾಯಿ ಒಡೆಯಬೇಡಿ, ನಿಲ್ಲಿ. 97ಕ್ಕೆ ಯಾಕೆ ನಿಲ್ಲಿಸಿದಿರಿ? 573103ರ ವರ್ಗಮೂಲ 757ಕ್ಕಿಂತ ಕೂದಲಷ್ಟು ಜಾಸ್ತಿ. 757ರವರೆಗೆ 134 ಅವಿಭಾಜ್ಯ ಸಂಖ್ಯೆ ಇವೆ. ನೀವು ನೋಡಿದ್ದು 25.

ಅರಸೀಕೆರೆಜಂಕ್ಷನ್
ಇಪ್ಪತ್ತೈದಕ್ಕೂ ಹೋಗದ್ದು ಆಮೇಲೆ ಎಲ್ಲಿ ಹೋಗುತ್ತೆ ಮೇಷ್ಟ್ರೇ?

ಬೆಂಗಳೂರಲ್ಲಿಹಾಸನ
313ಕ್ಕೆ ಹೋಗುತ್ತೆ. 313 × 1831 = 573103. ಕ್ಷಮಿಸಿ. ನಾನು ಕಂಪ್ಯೂಟರಲ್ಲಿ ಹಾಕಿದೆ, ನನಗೆ ಮಿಸ್ಸು ಇಲ್ಲವಲ್ಲ.

ಅರಸೀಕೆರೆಜಂಕ್ಷನ್
ಗುಣಿಸಿ ನೋಡಿದೆ. ಹೌದು. ಛೇ.

ನಿವೃತ್ತಮೇಷ್ಟ್ರು
ಬೇಜಾರು ಬೇಡ. ಅವಿಭಾಜ್ಯ ಸಂಖ್ಯೆಯ ಪಟ್ಟಿಯಲ್ಲಿ 313 ಅರವತ್ತೈದನೆಯದು. ಅಲ್ಲಿಯವರೆಗೆ ಯಾರಿಗೂ ಬಗ್ಗದೆ ನಿಂತಿತ್ತು ನಿಮ್ಮ ಊರು. 313 ಹಿಂದಿನಿಂದ ಓದಿದರೂ 313. ಎರಡು ಅಪವರ್ತನವೂ ಅವಿಭಾಜ್ಯ.

ತುಂಗಾತೀರ
ಶೃಂಗೇರಿ 577139 ನೋಡಿದಿರಾ? ನಾನು 23ರಿಂದ ಭಾಗಿಸಿದೆ, 25093 ಬಂತು. ಅದನ್ನೂ 23ರಿಂದ ಭಾಗಿಸಿದೆ, 1091. ಅಂದರೆ 23 × 23 × 1091. 23 ಎರಡು ಸಲ ಬರುತ್ತೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ.

ಬೇಲೂರಿನಾಕೆ
ಹಳೇಬೀಡು 573121, ಅದು 17 × 33713. ನನ್ನ ತವರುಮನೆ, ಹಾಗಾಗಿ ನೋಡಿದೆ. ಶ್ರವಣಬೆಳಗೊಳ 573135, 3 × 5 × 19 × 2011. ನಾಲ್ಕು ಅವಿಭಾಜ್ಯ, ಯಾವುದೂ ಎರಡು ಸಲ ಇಲ್ಲ.

ಲೆಕ್ಕದಲ್ಲಿಫೇಲ್
ಸಕಲೇಶಪುರ 573134. ಎರಡರಿಂದ ಹೋಗುತ್ತೆ. ಈ ಸಲ ಸರಿ ಹೇಳಿದೆ ತಾನೇ?

ಎರಡರಮಗ್ಗಿ
ಸರಿ ಹೇಳಿದಿರಿ 👏

ತಣ್ಣೀರುಹಳ್ಳದವ
ಸೋಮವಾರದ ವರದಿ. ಮಗಳು ಮೊದಲು ಬೋರ್ಡ್ ಮೇಲೆ "ನಾನು ಹೇಳಿದ್ದು ತಪ್ಪು" ಅಂತ ಬರೆದಳಂತೆ. ಅದರ ಕೆಳಗೆ 9 × 63689. ಆಮೇಲೆ ಒಂಬತ್ತರ ಉಪಾಯ ಯಾಕೆ ನಡೆಯುತ್ತೆ ಅಂತ ಮೇಷ್ಟ್ರು ಹೇಳಿದ ಹಾಗೇ ವಿವರಿಸಿದ್ದಾಳೆ. ಕೊನೆಗೆ 54 ಭಾಗಾಕಾರದ ನೋಟ್‌ಬುಕ್ ಕೊಟ್ಟಿದ್ದಾಳೆ. ಮಿಸ್ಸು ಅದನ್ನು ಪುಟ ಪುಟ ತಿರುಗಿಸಿ ನೋಡಿದರಂತೆ. 137ರಲ್ಲಿ ಒಂದು ತಪ್ಪು ಹಿಡಿದಿದ್ದಾರೆ. ಅದು ನನ್ನ ಪಾಲಿನದು.

ಅವಳಿಗೆ ತುಂಬಾ ಇಷ್ಟವಾಗಿದ್ದು 193. 193 × 330 = 63690. ಒಂದೇ ಒಂದು ಜಾಸ್ತಿ! "ಇನ್ನೇನು ಸಿಕ್ತು ಅಂದ್ಕೊಂಡೆ ಅಪ್ಪಾ, ಒಂದರಲ್ಲಿ ತಪ್ಪಿಹೋಯ್ತು" ಅಂತ ರಾತ್ರಿ ಊಟದ ಹೊತ್ತಲ್ಲೂ ಅದೇ ಮಾತು. ಈಗ ಹೊಸ ಹಠ. ಎರಡು ಜಿಲ್ಲೆಯಲ್ಲಿ ಒಂದಾದರೂ ಅವಿಭಾಜ್ಯ ಪಿನ್ ಕೋಡ್ ಇದೆಯಾ ಅಂತ ಕೇಳುತ್ತಿದ್ದಾಳೆ.

ಆಲ್ದೂರಿನತೋಟ
ಎರಡು ದಿನ ಕರೆಂಟ್ ಇರಲಿಲ್ಲ, ಈಗ ಓದಿದೆ. ಆಲ್ದೂರು 577111. ಯಾರಾದರೂ ನೋಡಿ.

ಎರಡರಮಗ್ಗಿ
ಮೊತ್ತ 22, 3 ಇಲ್ಲ. 7ಕ್ಕೆ ಶೇಷ 3. 11 ಇಲ್ಲ. 13ಕ್ಕೆ ಶೇಷ 2. ಮೇಷ್ಟ್ರು ಬೈಯುತ್ತಾರೆ ಅಂತ ಇಲ್ಲಿಗೆ ನಿಲ್ಲಿಸುವುದಿಲ್ಲ, ಮುಂದುವರಿಸುತ್ತೇನೆ.

ಬೆಂಗಳೂರಲ್ಲಿಹಾಸನ
ನಾನು ಕಂಪ್ಯೂಟರ್ ಮುಟ್ಟುವುದಿಲ್ಲ. ಆದರೆ ಆಲ್ದೂರಿನವರು ಒಂದು ತೆಂಗಿನಕಾಯಿ ಇಟ್ಟುಕೊಂಡಿರಿ ಅಂತ ಮಾತ್ರ ಹೇಳುತ್ತೇನೆ.

ಎರಡರಮಗ್ಗಿ
ಮರುದಿನ ಸಂಜೆ. ಮುಗಿಯಿತು. ವರ್ಗಮೂಲ 759 ಚಿಲ್ಲರೆ. 757ರವರೆಗೆ 134 ಭಾಗಾಕಾರ, ಎಲ್ಲದರಲ್ಲೂ ಶೇಷ ಉಳಿಯಿತು. 103ಕ್ಕೆ ಶೇಷ 2, 431ಕ್ಕೂ ಶೇಷ 2, ಅಲ್ಲಿ ಎದೆ ಡವಡವ ಅಂತು. 577111 ಅವಿಭಾಜ್ಯ.

ಕಾಫಿಗಿಡ
ಆಲ್ದೂರು ಯಾವ ಜಿಲ್ಲೆ ಸ್ವಲ್ಪ ಜೋರಾಗಿ ಹೇಳಿ?

ಹಳೇಬಸ್‌ಸ್ಟ್ಯಾಂಡ್
ಜಿಲ್ಲೆ ಇರಲಿ. 4ರಿಂದ ಭಾಗಿಸಿದರೆ ಶೇಷ 3. ಎರಡು ವರ್ಗ ಮಾಡಿ ತೋರಿಸಿ ನೋಡೋಣ. ಮೇಷ್ಟ್ರಿಂದ ಕಲಿತೆ.

ನಿವೃತ್ತಮೇಷ್ಟ್ರು
ಶಭಾಷ್.

ತಣ್ಣೀರುಹಳ್ಳದವ
ಮಗಳಿಗೆ ಓದಿ ಹೇಳಿದೆ. ಈಗ ಆಲ್ದೂರಿಗೆ ಒಂದು ಕಾಗದ ಬರೆಯಬೇಕಂತೆ, ಕವರಿನ ಮೇಲೆ 577111 ಅಂತ ತಾನೇ ಬರೆಯಬೇಕಂತೆ. ಆಲ್ದೂರಲ್ಲಿ ನಮಗೆ ಯಾರೂ ಗೊತ್ತಿಲ್ಲ. ಯಾರ ಹೆಸರಿಗೆ ಹಾಕಲಿ?

ಆಲ್ದೂರಿನತೋಟ
ಪೋಸ್ಟ್ ಮಾಸ್ಟರ್ ಅಂತ ಬರೆದು ಹಾಕಿ. ಒಳಗೆ 134 ಭಾಗಾಕಾರ ಇರಲಿ.